ಟೈರ್‌ಗೆ ನೀರು ತುಂಬಿಸಿದರೂ ಟ್ರ್ಯಾಕ್ಟರ್ ಸ್ಲಿಪ್ ಹೊಡೆಯುತ್ತಿದ್ದರೆ: ದೋಷ ಹುಡುಕುವ ಕ್ರಮ

ಮುಂಗಾರು ಶುರುವಾಗುವ ಹೊತ್ತಿಗೆ ನಮ್ಮ ಕಡೆ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತಿದೆ, ಟೈರ್‌ಗೆ ನೀರು ತುಂಬಿಸಿಬಿಡಲಾ ಅಂತ. ತಿಂಗಳು ಬಿಟ್ಟು ಅದೇ ಜನ ಬರುತ್ತಾರೆ. ನೀರು ತುಂಬಿಸಿದೆ, ಏನೂ ಪ್ರಯೋಜನ ಆಗಲಿಲ್ಲ ಅನ್ನುತ್ತಾರೆ. ಇಲ್ಲವೇ ಈಗ ಮುಂದಿನ ಚಕ್ರ ಮೇಲೇಳುತ್ತಿದೆ, ಗದ್ದೆಯಲ್ಲಿ ಹೂತುಹೋಗುತ್ತಿದೆ ಅನ್ನುತ್ತಾರೆ.

ನೀರು ತುಂಬಿಸುವುದು ಒಳ್ಳೆಯ ಉಪಾಯವೇ. ಖರ್ಚು ಕಡಿಮೆ, ನೀರು ನಮ್ಮಲ್ಲೇ ಇದೆ, ಭಾರ ನೇರವಾಗಿ ಟೈರ್ ಮೂಲಕ ನೆಲಕ್ಕೆ ಹೋಗುತ್ತದೆ. ಆದರೆ ಚಕ್ರ ಸ್ಲಿಪ್ ಆಗಲು ಭಾರ ಕಡಿಮೆ ಇರುವುದು ಹಲವು ಕಾರಣಗಳಲ್ಲಿ ಒಂದು, ಅಷ್ಟೇ. ಬೇರೆ ಕಾರಣ ಇದ್ದಾಗ ನೀರು ತುಂಬಿಸಿದರೆ ಆ ದೋಷ ಹಾಗೇ ಉಳಿಯುತ್ತದೆ, ಮೇಲೆ ಇನ್ನೂರು ಮುನ್ನೂರು ಕೆಜಿ ಸುಮ್ನೆ ಹೊತ್ತು ತಿರುಗಿದ ಹಾಗಾಗುತ್ತದೆ. ಅದಕ್ಕೇ ಮೊದಲು ದೋಷ ಎಲ್ಲಿದೆ ಅಂತ ಹುಡುಕಬೇಕು.

ಮಲೆನಾಡಿನಲ್ಲಿ ಇನ್ನೊಂದು ಕಷ್ಟ ಇದೆ. ಬಯಲುಸೀಮೆಯಲ್ಲಿ ಒಂದು ಟ್ರ್ಯಾಕ್ಟರ್ ತಿಂಗಳುಗಟ್ಟಲೆ ಒಂದೇ ತರಹದ ನೆಲದಲ್ಲಿ ಕೆಲಸ ಮಾಡಬಹುದು. ಇಲ್ಲಿ ಹಾಗಲ್ಲ. ಒಂದೇ ವಾರದಲ್ಲಿ ಮಕ್ಕಿ ಗದ್ದೆಯ (ಮಳೆ ನಂಬಿದ ಎತ್ತರದ ಗದ್ದೆ) ಹೂಟಿ, ಅಂದರೆ ಉಳುಮೆ ಆಗಬೇಕು, ಬೈಲಿನಲ್ಲಿ (ನೀರು ನಿಲ್ಲುವ ತಗ್ಗಿನ ಗದ್ದೆ) ಕೆಸರು ಮಾಡಬೇಕು, ಸಂಜೆ ಗೊಬ್ಬರದ ಟ್ರೈಲರ್ ಕಟ್ಟಿಕೊಂಡು ತೋಟದ ದರೆ ಪಕ್ಕದ ಏರು ಹತ್ತಬೇಕು. ಮೂರಕ್ಕೂ ಬೇಕಾದ ಭಾರ ಬೇರೆ ಬೇರೆ. ಶಿಕಾರಿಪುರದ ಕಡೆ ಸರಿಯಾಗಿ ಕೆಲಸ ಮಾಡಿದ ಲೆಕ್ಕ ತೀರ್ಥಹಳ್ಳಿಯ ಕಡೆ ಹೊಂದುವುದಿಲ್ಲ, ಆಗುಂಬೆಯ ಬುಡದಲ್ಲಂತೂ ಹೊಂದುವುದೇ ಇಲ್ಲ.

ಮೊದಲು ಅಳತೆ

ಸ್ಲಿಪ್ ಎಷ್ಟಿದೆ ಅಂತ ಕಣ್ಣಂದಾಜಿನಲ್ಲಿ ಹೇಳಲು ಆಗುವುದಿಲ್ಲ. ಸೀಟಿನಲ್ಲಿ ಕೂತವರಿಗೆ ನೂರಕ್ಕೆ 20ರಷ್ಟು ಸ್ಲಿಪ್ ಆದರೂ ಗೊತ್ತಾಗುವುದಿಲ್ಲ, ಟ್ರ್ಯಾಕ್ಟರ್ ಹೋಗುತ್ತಿದೆಯಲ್ಲ ಅನ್ನಿಸುತ್ತದೆ. ಅಳೆಯುವುದು ಸುಲಭ. ಒಂದು ಸೀಮೆಸುಣ್ಣ, ಎರಡು ಗೂಟ, ಒಂದು ಟೇಪು ಸಾಕು.

ಹಿಂದಿನ ಟೈರ್‌ನ ಪಕ್ಕಕ್ಕೆ ಸೀಮೆಸುಣ್ಣದಲ್ಲಿ ದಪ್ಪ ಗೆರೆ ಎಳೆಯಿರಿ. ಉಳಬೇಕಾದ ಜಾಗದಲ್ಲೇ ನೇಗಿಲು ಎತ್ತಿಕೊಂಡು ಓಡಿಸಿ. ಗೆರೆ ನೆಲಕ್ಕೆ ಬಂದಾಗ ಒಂದು ಗೂಟ ಹೊಡೆಯಿರಿ, ಚಕ್ರ 10 ಸುತ್ತು ಮುಗಿಸಿದಾಗ ಇನ್ನೊಂದು. ನಡುವಿನ ದೂರ ಅಳೆಯಿರಿ. ಆಮೇಲೆ ಅದೇ ಗೇರಿನಲ್ಲಿ ನೇಗಿಲು ಇಳಿಸಿ, ನಿಜವಾದ ಆಳಕ್ಕೆ ಬಿಟ್ಟು ಉಳುತ್ತಾ ಮತ್ತೆ 10 ಸುತ್ತು ಅಳೆಯಿರಿ. 13.6-28 ಅಳತೆಯ ಟೈರ್ (13.6 ಇಂಚು ಅಗಲ, 28 ಇಂಚಿನ ರಿಮ್) ಇದ್ದರೆ ನೇಗಿಲು ಎತ್ತಿದಾಗ 10 ಸುತ್ತಿಗೆ ಹೆಚ್ಚುಕಡಿಮೆ 39 ಮೀಟರ್ ಬರುತ್ತದೆ. ಉಳುವಾಗ 33.5 ಮೀಟರ್ ಬಂದರೆ ಕಳೆದುಹೋಗಿದ್ದು 5.5 ಮೀಟರ್, ಅಂದರೆ ನೂರಕ್ಕೆ 14. ಇದು ಸರಿಯಾಗಿದೆ, ನೀರು ಬೇಕಿಲ್ಲ. 31 ಮೀಟರ್ ಬಂದರೆ ಸ್ಲಿಪ್ ನೂರಕ್ಕೆ 20 ದಾಟಿತು. ಡೀಸೆಲ್‌ನ ಒಂದು ಪಾಲು ಟೈರ್ ಸವೆಸಲು ಹೋಗುತ್ತಿದೆ ಅಂತ ಅರ್ಥ.

ಗಟ್ಟಿ ನೆಲದಲ್ಲಿ 8ರಿಂದ 10, ಹದವಾದ ಅಥವಾ ಮೊದಲೇ ಒಂದು ಸಾಲು ಉತ್ತ ನೆಲದಲ್ಲಿ 10ರಿಂದ 15, ಇಷ್ಟು ಸ್ಲಿಪ್ ಇರಲೇಬೇಕು. ಸೊನ್ನೆಗೆ ತರಲು ಹೋಗಬೇಡಿ. 5ಕ್ಕಿಂತ ಕೆಳಗೆ ಬಂದರೆ ಭಾರ ಜಾಸ್ತಿ ಆಗಿದೆ. ಆಗ ಹೊಡೆತ ಎಲ್ಲ ಗೇರ್‌ಬಾಕ್ಸಿಗೆ ಮತ್ತು ಹಿಂದಿನ ಆಕ್ಸಲ್‌ಗೆ ಬೀಳುತ್ತದೆ, ನೆಲವೂ ಗಟ್ಟಿಯಾಗುತ್ತದೆ.

ಟೇಪು ಇಲ್ಲದಿದ್ದರೆ ಕೆಳಗೆ ಇಳಿದು ಟೈರ್ ಬಿಟ್ಟುಹೋದ ಗುರುತು ನೋಡಿ. ನಾನು ಯಾವ ಗದ್ದೆಗೆ ಹೋದರೂ ಮೊದಲು ನೋಡುವುದು ಇದನ್ನೇ. ಟೈರ್ ಹಲ್ಲಿನ ಗುರುತು ಅಚ್ಚು ಒತ್ತಿದ ಹಾಗೆ ಪೂರ್ತಿ ಚೊಕ್ಕವಾಗಿ ಮೂಡಿದ್ದರೆ ಭಾರ ಜಾಸ್ತಿ. ಹಲ್ಲಿನ ಗುರುತೇ ಇಲ್ಲದೆ ಮಣ್ಣು ಉಜ್ಜಿಕೊಂಡು ಹೋಗಿದ್ದರೆ ಭಾರ ಕಡಿಮೆ, ಇಲ್ಲ ಬೇರೆ ದೋಷ ಇದೆ. ಗುರುತಿನ ಎರಡು ಅಂಚೂ ಚೆನ್ನಾಗಿ ಮೂಡಿ, ನಡುವೆ ಮಾತ್ರ ಸ್ವಲ್ಪ ಕಲಸಿದ ಹಾಗೆ ಇದ್ದರೆ ಅದೇ ಹದ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಒಂದು ಮಳೆ ಬಿದ್ದ ಮಾರನೇ ದಿನ ಇದು ತುಂಬಾ ಸ್ಪಷ್ಟವಾಗಿ ಕಾಣುತ್ತದೆ.

ನೀರಿಗೆ ಮೊದಲು ನೋಡಬೇಕಾದ್ದು

ಸ್ಲಿಪ್ ಜಾಸ್ತಿ ಇದೆ ಅಂತ ಗೊತ್ತಾಯಿತು ಅಂದುಕೊಳ್ಳಿ. ಈಗಲೂ ನೀರಿನ ಪೈಪು ತರಬೇಡಿ. ಗಾಳಿ ನೋಡಿ. ಬಹಳ ಸಲ ದೋಷ ಇಲ್ಲೇ ಸಿಗುತ್ತದೆ. 13.6-28 ತರಹದ ಹಿಂದಿನ ಟೈರ್‌ಗೆ ಹೊಲದ ಕೆಲಸದಲ್ಲಿ ಸಾಮಾನ್ಯವಾಗಿ 12ರಿಂದ 14 ಪಿಎಸ್‌ಐ (ಒತ್ತಡದ ಅಳತೆ) ಸಾಕು. ನಿಮ್ಮ ಟ್ರ್ಯಾಕ್ಟರ್‌ನ ಕೈಪಿಡಿಯಲ್ಲಿ ಸರಿಯಾದ ಅಂಕಿ ಇರುತ್ತದೆ. ಆದರೆ ಬೇಸಿಗೆಯಲ್ಲಿ ಕಲ್ಲು, ಮಣ್ಣು, ಗೊಬ್ಬರ ಅಂತ ಟ್ರೈಲರ್ ಎಳೆಯಲು 20ರ ಮೇಲೆ ಹೊಡೆಸಿದ ಗಾಳಿಯಲ್ಲೇ ಹೂಟಿಗೆ ಇಳಿಯುವವರು ಎಷ್ಟೋ ಜನ. ಗಾಳಿ ಜಾಸ್ತಿ ಇದ್ದರೆ ಟೈರ್‌ನ ನಡುವಿನ ಭಾಗ ಮಾತ್ರ ನೆಲ ಹಿಡಿಯುತ್ತದೆ, ಅಂಚಿನ ಹಲ್ಲು ಗಾಳಿಯಲ್ಲಿ ಇರುತ್ತದೆ. ಗಾಳಿ ಇಳಿಸಿ ಮತ್ತೆ 10 ಸುತ್ತು ಅಳೆದು ನೋಡಿ. ಅಷ್ಟರಲ್ಲೇ ಸರಿ ಹೋಗಿದ್ದರೆ ಕೆಲಸ ಮುಗಿಯಿತು.

ಆಮೇಲೆ ಹಲ್ಲು. ಟೈರ್ ಹಲ್ಲು ಬೋಳಾಗಿದ್ದರೆ ಎಷ್ಟು ನೀರು ತುಂಬಿಸಿದರೂ ಒದ್ದೆ ನೆಲದಲ್ಲಿ ಹಿಡಿತ ಬರುವುದಿಲ್ಲ. ಡಾಂಬರು ರಸ್ತೆಯಲ್ಲಿ ಜಾಸ್ತಿ ಓಡಿದ ಟೈರ್‌ನಲ್ಲಿ ನಡುವಿನ ಹಲ್ಲು ಮೊದಲು ಹೋಗುತ್ತದೆ. ಪಕ್ಕದಿಂದ ನೋಡಿದರೆ ಅಂಚಿನ ಹಲ್ಲು ಎತ್ತರವಾಗಿ ಕಂಡು ಮೋಸ ಮಾಡುತ್ತದೆ. ಹಿಂದೆ ನಿಂತು, ಬಗ್ಗಿ, ನಡುವೆ ಕೈಯಿಟ್ಟು ನೋಡಿ. ಹಾಗೇ ಎರಡೂ ಟೈರ್ ಸರಿಯಾದ ದಿಕ್ಕಿಗೆ ಹಾಕಿದ್ದಾರಾ ಅಂತಲೂ ನೋಡಿ. ಹಿಂದಿನಿಂದ ನೋಡಿದಾಗ ಮೇಲ್ಭಾಗದ ಹಲ್ಲಿನ ಮೊನೆ ಮೇಲ್ಮುಖ ಮಾಡಿರಬೇಕು. ಪಂಚರ್ ಆದ ಮೇಲೆ ಎಡಬಲ ಬದಲಾಗಿ ಕೂತ ಟೈರ್ ಮಣ್ಣನ್ನು ಹೊರಗೆ ತಳ್ಳುವ ಬದಲು ನಡುವೆ ತುಂಬಿಕೊಳ್ಳುತ್ತದೆ.

ಇನ್ನೊಂದು ಜಾಗ ಹೈಡ್ರಾಲಿಕ್, ಅಂದರೆ ನೇಗಿಲು ಎತ್ತಿ ಇಳಿಸುವ ವ್ಯವಸ್ಥೆ. ಪೊಸಿಷನ್ ಲಿವರ್‌ನಲ್ಲಿ ಆಳ ಕಟ್ಟಿ ಗಟ್ಟಿ ಮಕ್ಕಿ ಗದ್ದೆ ಉಳುತ್ತಿದ್ದರೆ, ಗಟ್ಟಿ ಜಾಗ ಬಂದಾಗ ನೇಗಿಲು ಮೇಲೆ ಬರುವುದಿಲ್ಲ, ಚಕ್ರವೇ ತಿರುಗುತ್ತದೆ. ಡ್ರಾಫ್ಟ್ ಲಿವರ್‌ಗೆ ಹಾಕಿದರೆ ಎಳೆತ ಜಾಸ್ತಿಯಾದಾಗ ಹೈಡ್ರಾಲಿಕ್ ತಾನೇ ನೇಗಿಲನ್ನು ಒಂಚೂರು ಎತ್ತುತ್ತದೆ. ಎತ್ತುವಾಗ ನೇಗಿಲಿನ ಮತ್ತು ಮಣ್ಣಿನ ಭಾರ ಹಿಂದಿನ ಚಕ್ರದ ಮೇಲೆ ಬರುತ್ತದೆ. ಅಂದರೆ ಬೇಕಾದ ಕ್ಷಣಕ್ಕೆ ಬೇಕಾದ ಭಾರ ಸಿಗುತ್ತದೆ, ಅದೂ ಪುಕ್ಕಟೆ. ಎಂಬಿ ನೇಗಿಲು (ಮಣ್ಣು ಮಗುಚಿಹಾಕುವ ನೇಗಿಲು), ಕಲ್ಟಿವೇಟರ್ ಹಾಕುವವರು ಇದನ್ನು ಬಳಸದೆ ನೀರು ತುಂಬಿಸುವುದು ನನಗೆ ನಿಜವಾಗಿ ಬೇಜಾರು ತರಿಸುವ ಸಂಗತಿ.

ಒಂದೇ ಚಕ್ರ ಸ್ಲಿಪ್ ಆಗುತ್ತಿದ್ದರೆ ಲೆಕ್ಕ ಬೇರೆ. ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮನಾದ ತಿರುಚು ಬಲ ಕೊಡುತ್ತದೆ, ಹಾಗಾಗಿ ಹಿಡಿತ ಕಡಿಮೆ ಇರುವ ಚಕ್ರ ಮೊದಲು ಬಿಟ್ಟುಕೊಡುತ್ತದೆ. ಎಂಬಿ ನೇಗಿಲಿನಲ್ಲಿ ಒಂದು ಚಕ್ರ ಸಾಲಿನೊಳಗೆ ತಗ್ಗಿನಲ್ಲಿ ಇರುತ್ತದೆ, ಟ್ರ್ಯಾಕ್ಟರ್ ಆ ಕಡೆ ವಾಲಿ ಭಾರವೂ ಆ ಕಡೆಗೆ ಹೋಗುತ್ತದೆ. ಮೇಲಿನ ನೆಲದ ಚಕ್ರ ಹಗುರಾಗಿ ತಿರುಗುತ್ತದೆ. ಇದು ಸಹಜ. ಇದನ್ನು ನೋಡಿ ಆ ಟೈರ್‌ನಲ್ಲಿ ನೀರು ಕಡಿಮೆಯಾಗಿದೆ ಅಂತ ತೀರ್ಮಾನ ಮಾಡಬೇಡಿ. ಸಮತಟ್ಟು ಜಾಗದಲ್ಲಿ ಕಲ್ಟಿವೇಟರ್ ಹಾಕಿ ಎಳೆದು ನೋಡಿ, ಅಲ್ಲೂ ಅದೇ ಚಕ್ರ ತಿರುಗಿದರೆ ಮಾತ್ರ ಅನುಮಾನ ಪಡಿ. ಡಿಫರೆನ್ಷಿಯಲ್ ಲಾಕ್ (ಎರಡೂ ಚಕ್ರ ಒಟ್ಟಿಗೆ ತಿರುಗುವ ಹಾಗೆ ಮಾಡುವ ಲಾಕ್) ಹಾಕುವುದಾದರೆ ಚಕ್ರ ನಿಲ್ಲಿಸಿಯೇ ಹಾಕಿ, ನೇರ ಹೋಗುವಾಗ ಮಾತ್ರ. ತಿರುಗುವ ಮೊದಲು ಬಿಡಿ.

ನೀರು ಎಷ್ಟು, ಹೇಗೆ

ಇಷ್ಟೆಲ್ಲ ನೋಡಿಯೂ ಸ್ಲಿಪ್ 15 ದಾಟುತ್ತಿದ್ದರೆ, ಅದೂ ಗಟ್ಟಿ ನೆಲದ ಎಳೆತದ ಕೆಲಸದಲ್ಲಿ, ಆಗ ಧಾರಾಳವಾಗಿ ನೀರು ತುಂಬಿಸಿ. ಟ್ಯೂಬ್ ಇರುವ ಸಾಮಾನ್ಯ ಟೈರ್‌ಗೆ ಮುಕ್ಕಾಲು ಭಾಗ, ಅಂದರೆ ನೂರಕ್ಕೆ 75 ಮಿತಿ. 13.6-28ಕ್ಕೆ ಮುಕ್ಕಾಲು ಅಂದರೆ ಸುಮಾರು 180 ಲೀಟರ್. 12.4-28ಕ್ಕೆ 150ರ ಹತ್ತಿರ, 14.9-28ಕ್ಕೆ 220ರ ಆಸುಪಾಸು. ಲೀಟರಿಗೆ ಒಂದು ಕೆಜಿ, ಹಾಗಾಗಿ 13.6 ಟೈರ್ ಎರಡಕ್ಕೂ ಸೇರಿ 360 ಕೆಜಿ. ಟೈರ್ ರೇಡಿಯಲ್ ಆಗಿದ್ದರೆ ನೂರಕ್ಕೆ 40ಕ್ಕಿಂತ ಜಾಸ್ತಿ ತುಂಬಿಸಬೇಡಿ. ಅದರ ಗೋಡೆ ಬಾಗಿದರೇ ಅದು ನೆಲ ಹಿಡಿಯುವುದು, ನೀರು ಜಾಸ್ತಿಯಾದರೆ ಬಾಗುವುದಿಲ್ಲ. ರೇಡಿಯಲ್‌ಗೆ ಕಬ್ಬಿಣದ ವೇಟ್ ವಾಸಿ.

ನಿಮ್ಮ ಮಾಡೆಲ್‌ಗೆ ಒಟ್ಟು ಎಷ್ಟು ಭಾರ ಹೇರಬಹುದು ಅಂತ ತಿಳಿಯಲು ಕೈಪಿಡಿ ನೋಡಿ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ಟ್ರ್ಯಾಕ್ಟರ್‌ಗಳನ್ನು ಪರೀಕ್ಷೆ ಮಾಡಿ ವರದಿ ಕೊಡುತ್ತದೆ. ಹೆಚ್ಚುವರಿ ಭಾರ ಹಾಕಿ ಮತ್ತು ಹಾಕದೆ ಎಷ್ಟು ಎಳೆಯಿತು ಅನ್ನುವುದು ಅದರಲ್ಲಿ ಇರುತ್ತದೆ. ಕೊಳ್ಳುವಾಗ ಎಚ್‌ಪಿ ಮಾತ್ರ ಕೇಳುವ ಬದಲು ಈ ಅಂಕಿ ಕೇಳಿದರೆ ಒಳ್ಳೆಯದು.

ತುಂಬಿಸುವ ಕ್ರಮ ಇಷ್ಟು. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಉಳಿದ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ತುಂಬಿಸುವ ಕಡೆ ಜಾಕ್ ಹಾಕಿ ಎತ್ತಿ, ಆಕ್ಸಲ್ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಿ. ಜಾಕ್ ಒಂದನ್ನೇ ನಂಬಬೇಡಿ. ವಾಲ್ವ್ ಗಡಿಯಾರದ 12ರ ಜಾಗಕ್ಕೆ ಬರುವ ಹಾಗೆ ಚಕ್ರ ತಿರುಗಿಸಿ. ಗಾಳಿ ಪೂರ್ತಿ ಬಿಟ್ಟು ಪಿನ್ (ವಾಲ್ವಿನೊಳಗೆ ಗಾಳಿ ತಡೆಯುವ ಸಣ್ಣ ಭಾಗ) ತೆಗೆಯಿರಿ. ಟ್ರ್ಯಾಕ್ಟರ್ ಟ್ಯೂಬಿನ ವಾಲ್ವಿನಲ್ಲಿ ಪಿನ್ ಕೂರುವ ದಪ್ಪ ಭಾಗವೂ ಬಿಚ್ಚಿಕೊಳ್ಳುತ್ತದೆ, ಅದನ್ನು ಬಿಚ್ಚಿದರೆ ದೊಡ್ಡ ತೂತು ಸಿಗುತ್ತದೆ. ನೀರು ಬಿಡಿ. ನೀರು ಒಳಗೆ ಹೋದ ಹಾಗೆ ಗಾಳಿ ಹೊರಗೆ ಬರಬೇಕು. ಗಾಳಿ ಬಿಡುವ ಅಡಾಪ್ಟರ್ ಇದ್ದರೆ ಸರಿ, ಇಲ್ಲದಿದ್ದರೆ ಆಗಾಗ ಪೈಪು ತೆಗೆದು ಗಾಳಿ ಹೋಗಲು ಬಿಡಬೇಕು. ವಾಲ್ವಿನಿಂದ ನೀರು ಹೊರಗೆ ಬರಲು ಶುರುವಾದರೆ ಮುಕ್ಕಾಲು ಆಯಿತು. ನಿಲ್ಲಿಸಿ, ಪಿನ್ ಹಾಕಿ, ಗಾಳಿ ಹೊಡೆಯಿರಿ.

ಇಲ್ಲಿ ಮಲೆನಾಡಿನವರು ಒಂದು ವಿಷಯ ಗಮನಿಸಬೇಕು. ಹಲವರ ಮನೆಗೆ ಗುಡ್ಡದ ಮೇಲಿನ ಅಬ್ಬಿ ನೀರು ಪೈಪಿನಲ್ಲಿ ಬರುತ್ತದೆ. ನೀರಿನ ಮೂಲ ಪ್ರತಿ 10 ಮೀಟರ್ ಎತ್ತರ ಇದ್ದಷ್ಟೂ 14 ಪಿಎಸ್‌ಐ ಒತ್ತಡ ಸೇರುತ್ತದೆ. ಮೂಲ 30 ಮೀಟರ್ ಮೇಲಿದ್ದು, ಪೈಪನ್ನು ವಾಲ್ವಿಗೆ ಬಿಗಿಯಾಗಿ ಕಟ್ಟಿ ಕಾಫಿ ಕುಡಿಯಲು ಒಳಗೆ ಹೋದರೆ, ಬರುವಷ್ಟರಲ್ಲಿ ಟೈರ್ ಒಳಗೆ 40 ಪಿಎಸ್‌ಐ ಇರಬಹುದು, ಅದೂ ಮುಕ್ಕಾಲಿಗಿಂತ ಎಷ್ಟೋ ಜಾಸ್ತಿ ನೀರು ತುಂಬಿಕೊಂಡು. ಪಕ್ಕದಲ್ಲೇ ನಿಂತು ತುಂಬಿಸಿ. ಇಲ್ಲವೇ ಅಟ್ಟದೆತ್ತರದಲ್ಲಿ ಡ್ರಮ್ ಇಟ್ಟು ಅದರಿಂದ ಇಳಿಸಿ, ನಿಧಾನ ಆದರೂ ಭಯ ಇಲ್ಲ. ಮಳೆಗಾಲದ ಅಬ್ಬಿ ನೀರಿನಲ್ಲಿ ಮರಳು, ಎಲೆ ಬರುತ್ತದೆ, ಬಟ್ಟೆ ಕಟ್ಟಿ ಸೋಸಿ. ಪಿನ್ ಕೂರುವ ಜಾಗಕ್ಕೆ ಒಂದು ಮರಳಿನ ಕಣ ಸಿಕ್ಕರೂ ಆಮೇಲೆ ಸೋರುತ್ತಲೇ ಇರುತ್ತದೆ.

ಉಪ್ಪು, ಕ್ಯಾಲ್ಸಿಯಂ ಕ್ಲೋರೈಡ್ ಹಾಕಬೇಕಾ ಅಂತ ಕೆಲವರು ಕೇಳುತ್ತಾರೆ. ಅದು ಹಿಮ ಬೀಳುವ ದೇಶಗಳಲ್ಲಿ ನೀರು ಹೆಪ್ಪುಗಟ್ಟದಿರಲಿ ಅಂತ ಹಾಕುವುದು, ತೂಕವೂ ಸ್ವಲ್ಪ ಜಾಸ್ತಿ ಸಿಗುತ್ತದೆ. ನಮಗೆ ಬೇಡ. ಸೋರಿದರೆ ರಿಮ್ ತಿಂದುಹಾಕುತ್ತದೆ. ಬರೀ ನೀರು ಸಾಕು.

ನೀರಿದೆ, ಆದರೂ ಸ್ಲಿಪ್

ತುಂಬಿಸಿದ ನೀರು ಅಲ್ಲೇ ಇದೆಯಾ ಅಂತ ಮೊದಲು ನೋಡಿ. ಚಕ್ರ ಎತ್ತಿ, ವಾಲ್ವ್ 12ರ ಜಾಗಕ್ಕೆ ತಂದು, ಪಿನ್ ಒತ್ತಿ. ಮೊದಲು ವಾಲ್ವಿನಲ್ಲಿ ನಿಂತ ನಾಲ್ಕು ಹನಿ ಹಾರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಒಂದೆರಡು ಸೆಕೆಂಡ್ ಒತ್ತಿಯೇ ಇರಿ. ನೀರು ಬರುತ್ತಲೇ ಇದ್ದರೆ ಮಟ್ಟ ಸರಿ. ಬರೀ ಗಾಳಿ ಬಂದರೆ ಚಕ್ರವನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ವಾಲ್ವ್ ಕೆಳಗೆ ತಂದು ಪ್ರತಿ ಸಲ ಒತ್ತಿ ನೋಡಿ. ಯಾವ ಎತ್ತರದಲ್ಲಿ ಗಾಳಿ ನಿಂತು ನೀರು ಶುರುವಾಗುತ್ತದೋ ಅದೇ ನೀರಿನ ಮಟ್ಟ. ಆಕ್ಸಲ್ ಎತ್ತರಕ್ಕೆ ಸಿಕ್ಕರೆ ಅರ್ಧ ಟೈರ್. ಒಂದು ಕಡೆ 12ರಲ್ಲಿ, ಇನ್ನೊಂದು ಕಡೆ ಆಕ್ಸಲ್ ಎತ್ತರದಲ್ಲಿ ಸಿಕ್ಕರೆ ಹಗುರ ಇರುವ ಚಕ್ರವೇ ಸ್ಲಿಪ್ ಆಗುತ್ತಿದೆ. ಮುಖ ದೂರ ಇಟ್ಟು ಒತ್ತಿ, ನೀರು ಪಿಚಕಾರಿಯ ಹಾಗೆ ಬರುತ್ತದೆ.

ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ತಂದವರು ಇದನ್ನು ಮೊದಲ ದಿನವೇ ಮಾಡಿ. ಬಂದ ನೀರನ್ನು ಒಂದು ತಟ್ಟೆಯಲ್ಲಿ ಒಣಗಿಸಿ. ಬಿಳಿ ಉಪ್ಪು ದಪ್ಪಗೆ ಕೂತರೆ ಒಳಗೆ ಬರೀ ನೀರಲ್ಲ ಅಂತ ಗೊತ್ತಾಗುತ್ತದೆ. ಅದನ್ನು ಅಡಿಕೆ ಬುಡಕ್ಕೆ ಬಿಡಬೇಡಿ.

ಗಾಳಿ ಅಳೆಯುವಾಗಲೂ ವಾಲ್ವ್ ಮೇಲೆ ಇರಲಿ. ಕೆಳಗಿದ್ದರೆ ನೀರಿನ ತೂಕ ಸೇರಿ ಸುಮಾರು 1 ಪಿಎಸ್‌ಐ ಜಾಸ್ತಿ ತೋರಿಸುತ್ತದೆ, ಗೇಜಿಗೂ ನೀರು ಹೋಗಿ ಅದು ತುಕ್ಕು ಹಿಡಿಯುತ್ತದೆ. 12 ಪಿಎಸ್‌ಐ ಬೇಕಾದ ಕಡೆ 1 ಅಂದರೆ ಸಣ್ಣದಲ್ಲ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ಅಳೆಯಿರಿ. ನೀರು ತುಂಬಿದ ಟೈರ್‌ನಲ್ಲಿ ಗಾಳಿಗೆ ಕಾಲು ಭಾಗ ಜಾಗ ಮಾತ್ರ ಇರುತ್ತದೆ, ಹಾಗಾಗಿ ಸ್ವಲ್ಪ ಗಾಳಿ ಹೋದರೂ ಒತ್ತಡ ಬೇಗ ಬೀಳುತ್ತದೆ. ಕೆಲಸದ ದಿನಗಳಲ್ಲಿ ವಾರಕ್ಕೊಮ್ಮೆಯಾದರೂ ನೋಡಬೇಕು.

ವಾಲ್ವ್ ವಾಲಿದ್ದರೆ

ಹೊಸನಗರದ ಕಡೆಯ ಒಬ್ಬ ಹುಡುಗ ಹೋದ ಮಳೆಗಾಲದಲ್ಲಿ ಟ್ರ್ಯಾಕ್ಟರ್ ತಂದಿದ್ದ. "ಅಣ್ಣ, ಬಲಗಡೆ ಟೈರ್ ಸುಮ್ನೆ ಸುಮ್ನೆ ಪಂಚರ್ ಆಗ್ತಿದೆ, ಮುಳ್ಳೂ ಇಲ್ಲ ಮೊಳೆಯೂ ಇಲ್ಲ" ಅಂದ. ಟ್ಯೂಬ್ ಎರಡು ಸಲ ಬದಲಾಗಿತ್ತು. ಟೈರ್ ಮುಂದೆ ಕೂತು ನೋಡಿದರೆ ವಾಲ್ವ್ ರಿಮ್ ತೂತಿನಿಂದ ನೆಟ್ಟಗೆ ಬಂದಿರಲಿಲ್ಲ, ಒಂದು ಕಡೆ ಮಲಗಿತ್ತು. ಅದರ ಬುಡದಲ್ಲಿ ರಬ್ಬರ್ ಎಳೆದು ಬೆಳ್ಳಗಾಗಿತ್ತು, ತೂತಿನ ಅಂಚಿನಲ್ಲಿ ತುಕ್ಕಿನ ನೀರು ಇಳಿದ ಗೆರೆ ಇತ್ತು. "ಗಾಳಿ ಎಷ್ಟು ಇಟ್ಟಿದ್ದೀಯಾ ಮಾರಾಯ?" ಅಂತ ಕೇಳಿದೆ. ಕೆಸರಿನಲ್ಲಿ ಹಿಡಿತ ಬರಲಿ ಅಂತ 7ಕ್ಕೆ ಇಳಿಸಿದ್ದನಂತೆ, ನೀರು ಪೂರ್ತಿ ತುಂಬಿದೆ, ಟೈರ್ ಗಟ್ಟಿ ಇದೆಯಲ್ಲ ಅಂತ.

ದೋಷ ಅಲ್ಲೇ ಇತ್ತು. ಟೈರ್‌ನ ಅಂಚನ್ನು ರಿಮ್‌ಗೆ ಒತ್ತಿ ಹಿಡಿಯುವುದು ಒಳಗಿನ ಒತ್ತಡ. ಅದು ಕಡಿಮೆಯಾದರೆ, ಭಾರ ಹಾಕಿ ಎಳೆಯುವಾಗ ರಿಮ್ ಮುಂದೆ ತಿರುಗುತ್ತದೆ, ಟೈರ್ ಹಿಂದೆ ಉಳಿಯುತ್ತದೆ. ಟ್ಯೂಬ್ ಟೈರ್ ಜೊತೆ ಹೋಗುತ್ತದೆ, ವಾಲ್ವ್ ರಿಮ್ ತೂತಿನಲ್ಲಿ ಸಿಕ್ಕಿಕೊಂಡು ಬುಡ ಹರಿಯುತ್ತದೆ. ನೀರು ತುಂಬಿಸಿದ ಮೇಲೆ ಹಿಡಿತ ಜಾಸ್ತಿ, ಎಳೆತ ಜಾಸ್ತಿ, ಹಾಗಾಗಿ ಈ ತೊಂದರೆಯೂ ಜಾಸ್ತಿ. ಪರೀಕ್ಷೆ ಸುಲಭ: ಟೈರ್ ಮತ್ತು ರಿಮ್ ಎರಡಕ್ಕೂ ಸೇರಿಸಿ ಒಂದೇ ನೇರಕ್ಕೆ ಬಣ್ಣದ ಗೆರೆ ಎಳೆಯಿರಿ. ಒಂದು ದಿನ ಕೆಲಸ ಮಾಡಿ ನೋಡಿ. ಗೆರೆ ಮುರಿದು ಎರಡು ಕಡೆ ಸರಿದಿದ್ದರೆ ಟೈರ್ ರಿಮ್ ಮೇಲೆ ಜಾರುತ್ತಿದೆ. ವಾಲ್ವ್ ಮಲಗಿದ್ದು ಕಂಡ ಕೂಡಲೇ ಕೆಲಸ ನಿಲ್ಲಿಸಿ. ಗಾಳಿ ಬಿಟ್ಟು ಟ್ಯೂಬ್ ಸರಿಪಡಿಸಿ, ಕೈಪಿಡಿಯ ಒತ್ತಡಕ್ಕೆ ತಂದರೆ ಟ್ಯೂಬ್ ಉಳಿಯುತ್ತದೆ. ಹಾಗೇ ಓಡಿಸಿದರೆ ಗದ್ದೆ ನಡುವೆ ನೀರೆಲ್ಲ ಸೋರಿ ನಿಲ್ಲುತ್ತದೆ.

ವಾಲ್ವ್ ನೆಟ್ಟಗಿದ್ದೂ ಸೋರುತ್ತಿದ್ದರೆ ಪಿನ್ ನೋಡಿ, ತುದಿಗೆ ಎಂಜಲು ಅಥವಾ ಸೋಪು ನೀರು ಹಚ್ಚಿದರೆ ಗುಳ್ಳೆ ಬರುತ್ತದೆ. ಪಿನ್ ಬದಲಿಸಲು ಹತ್ತು ನಿಮಿಷ ಸಾಕು. ವಾಲ್ವ್ ಮುಚ್ಚಳ ಇಲ್ಲದೆ ಕೆಸರಿಗೆ ಇಳಿಯಬೇಡಿ.

ಮುಂದಿನ ಚಕ್ರ ಏಳುತ್ತಿದ್ದರೆ

ಇದು ಎಲ್ಲಕ್ಕಿಂತ ಅಪಾಯದ ಲಕ್ಷಣ, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಿಂದೆ ಭಾರ ಹಾಕಿದ್ದೇವೆ, ಟ್ರ್ಯಾಕ್ಟರ್ ಭದ್ರ ಆಯಿತು ಅಂತ ಅನ್ನಿಸುತ್ತದೆ. ಮುಂಭಾಗದ ಮಟ್ಟಿಗೆ ಅದು ತಪ್ಪು. ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುವುದು ಹಿಂದಿನ ಆಕ್ಸಲ್ ಸುತ್ತ. ನೀರಿನ ಭಾರ ಆ ಆಕ್ಸಲ್ ಸುತ್ತಲೇ ಇರುವುದರಿಂದ ಅದು ಮುಂಭಾಗವನ್ನು ಕೆಳಗೆ ಹಿಡಿಯುವುದೇ ಇಲ್ಲ. ಬದಲಿಗೆ, ಮೊದಲು ಎಳೆತ ಜಾಸ್ತಿಯಾದಾಗ ಚಕ್ರ ಸ್ಲಿಪ್ ಆಗಿ ಎಂಜಿನ್ ಬಲ ಅಲ್ಲೇ ಕಳೆದುಹೋಗುತ್ತಿತ್ತು. ಈಗ ಸ್ಲಿಪ್ ಇಲ್ಲ, ಆ ಬಲ ಮುಂಭಾಗ ಎತ್ತಲು ಹೋಗುತ್ತದೆ.

ವೇ ಬ್ರಿಡ್ಜ್‌ನಲ್ಲಿ ತೂಕ ಮಾಡಿಸಿದರೆ ಸ್ಪಷ್ಟವಾಗುತ್ತದೆ. ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ, ಆಮೇಲೆ ಪೂರ್ತಿ. ಉದಾಹರಣೆಗೆ ಟ್ರ್ಯಾಕ್ಟರ್ 2,000 ಕೆಜಿ, ಅದರಲ್ಲಿ ಮುಂದೆ 740 ಅಂತಿಟ್ಟುಕೊಳ್ಳಿ, ಅಂದರೆ ನೂರಕ್ಕೆ 37. ಹಿಂದೆ 360 ಕೆಜಿ ನೀರು ಸೇರಿದರೆ ಒಟ್ಟು 2,360, ಮುಂದೆ ಅದೇ 740, ಈಗ ನೂರಕ್ಕೆ 31. ರೋಟವೇಟರ್ ಎತ್ತಿಕೊಂಡರೆ ಮುಂದಿನ ಭಾರ ಇನ್ನೂ ಇಳಿಯುತ್ತದೆ. 2 ವೀಲ್ ಡ್ರೈವ್‌ನಲ್ಲಿ ಒಟ್ಟು ಭಾರದ 25ರಿಂದ 35 ಭಾಗ ಮುಂದೆ ಇರಬೇಕು, 4 ವೀಲ್ ಡ್ರೈವ್‌ಗೆ 40ರ ಹತ್ತಿರ. ಕಡಿಮೆ ಬಂದರೆ ಬಂಪರ್ ವೇಟ್ (ಮುಂದಿನ ಬಂಪರಿಗೆ ಕೂರಿಸುವ ಕಬ್ಬಿಣದ ಭಾರ) ಹಾಕಿ. ಸ್ಟೀರಿಂಗ್ ಹಗುರ ಅನ್ನಿಸುವುದು, ತಿರುಗಿಸಿದರೂ ಟ್ರ್ಯಾಕ್ಟರ್ ನೇರ ಜಾರುವುದು, ಇದೆಲ್ಲ ಮೊದಲ ಸೂಚನೆ.

ನಮ್ಮಲ್ಲಿ ಮರದ ದಿಮ್ಮಿ ಎಳೆಯಲು, ಹೂತ ಜೀಪು ಎಳೆಯಲು ಸರಪಳಿಯನ್ನು ಟಾಪ್ ಲಿಂಕ್ (ನೇಗಿಲು ಹಿಡಿಯುವ ಮೇಲಿನ ಕೊಂಡಿ) ಜಾಗಕ್ಕೋ ಆಕ್ಸಲ್‌ಗೋ ಕಟ್ಟುವ ಅಭ್ಯಾಸ ಇದೆ. ಯಾವತ್ತೂ ಬೇಡ. ಎಳೆಯಲೆಂದೇ ಕೊಟ್ಟಿರುವ ಕೆಳಗಿನ ಪಟ್ಟಿ, ಅಂದರೆ ಡ್ರಾಬಾರ್‌ಗೇ ಕಟ್ಟಬೇಕು. ಮೇಲೆ ಕಟ್ಟಿ ಏರಿನಲ್ಲಿ ಕ್ಲಚ್ ಬಿಟ್ಟರೆ ಒಂದೆರಡು ಸೆಕೆಂಡಿನಲ್ಲಿ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಬೀಳುತ್ತದೆ, ಹಾರಿಕೊಳ್ಳಲು ಸಮಯ ಇರುವುದಿಲ್ಲ.

ಗದ್ದೆಯಲ್ಲಿ ಹೂತರೆ, ರಸ್ತೆಯಲ್ಲಿ ತೂಗಿದರೆ

ಬೈಲು ಗದ್ದೆಯ ಕೆಸರಿಗೆ ನೀರು ತುಂಬಿದ ಟೈರ್ ಮದ್ದಲ್ಲ. ಅಲ್ಲಿ ಬೇಕಾದ್ದು ಅಗಲ, ಭಾರ ಅಲ್ಲ. ಕೆಸರಿನ ಕೆಳಗೆ ಒಂದು ಗಟ್ಟಿ ಪದರ ಇರುತ್ತದೆ, ಗದ್ದೆಯಲ್ಲಿ ನೀರು ನಿಲ್ಲಿಸುವುದೇ ಅದು. ಭಾರದ ಚಕ್ರ ಆ ಪದರ ಒಡೆದರೆ ಟ್ರ್ಯಾಕ್ಟರ್ ಆಕ್ಸಲ್ ತನಕ ಇಳಿಯುತ್ತದೆ, ಆ ವರ್ಷ ಆ ಗದ್ದೆಯಲ್ಲಿ ನೀರೂ ನಿಲ್ಲುವುದಿಲ್ಲ. ಕೆಸರಿಗೆ ಇಳಿಯುವ ಮೊದಲು ಟೈರ್‌ನ ನೀರು ತೆಗೆದು ಕೇಜ್ ವೀಲ್ (ಪಂಜರದ ಹಾಗಿರುವ ಅಗಲದ ಕಬ್ಬಿಣದ ಚಕ್ರ) ಹಾಕಿ. ಹೊಳೆ ಪಕ್ಕದ, ಊಟೆ ಏಳುವ (ನೆಲದಿಂದ ನೀರು ಜಿನುಗುವ) ಗದ್ದೆಗಳಲ್ಲಿ ಇದು ಕಡ್ಡಾಯ. ಆರಿದ್ರಾ, ಪುನರ್ವಸು ಮಳೆ ಬಿದ್ದ ಮೇಲೆ ಬೈಲಿನ ಕೆಲಸ ಮಾತ್ರ ಉಳಿದಿದ್ದರೆ ನೀರು ಇಟ್ಟುಕೊಂಡು ತಿರುಗುವುದರಲ್ಲಿ ಅರ್ಥ ಇಲ್ಲ.

ರಸ್ತೆಯಲ್ಲಿ ಟ್ರ್ಯಾಕ್ಟರ್ ಹಿಂದೆ ಮುಂದೆ ತೂಗಿದ ಹಾಗೆ ಆಗುತ್ತಿದ್ದರೆ, ಬ್ರೇಕ್ ಹಿಡಿದಾಗ ಹಿಂದಿನಿಂದ ಯಾರೋ ತಳ್ಳಿದ ಹಾಗೆ ಅನ್ನಿಸಿದರೆ, ನೀರು ಅರ್ಧ ಮಟ್ಟದಲ್ಲಿದ್ದು ಒಳಗೆ ಅಲೆಯಾಡುತ್ತಿದೆ. ಮುಕ್ಕಾಲಿಗೆ ತನ್ನಿ, ಇಲ್ಲವೇ ಪೂರ್ತಿ ತೆಗೆಯಿರಿ. ಕಲ್ಲು ಸಿಕ್ಕಾಗ ಕುಪ್ಪಳಿಸಿ ಸೊಂಟಕ್ಕೆ ಹೊಡೆಯುತ್ತಿದ್ದರೆ ಅದು ತಿರುಗುಮುರುಗು, ನೀರು ಮುಕ್ಕಾಲು ದಾಟಿ ಗಾಳಿಗೆ ಜಾಗವೇ ಇಲ್ಲ. ನೀರು ಒತ್ತಿದರೆ ಕುಗ್ಗುವುದಿಲ್ಲ, ಹೊಡೆತ ಎಲ್ಲ ಟೈರ್ ನೂಲಿಗೆ ಮತ್ತು ರಿಮ್‌ಗೆ ಹೋಗುತ್ತದೆ.

ಇಳಿಜಾರಿನಲ್ಲಿ ನೀರು ತುಂಬಿದ ಟ್ರ್ಯಾಕ್ಟರ್ ನಿಲ್ಲಲು ಜಾಸ್ತಿ ದೂರ ಬೇಕು. ಎಡಬಲ ಬ್ರೇಕ್ ಪೆಡಲ್ ಎರಡನ್ನೂ ಸೇರಿಸಿ ಲಾಕ್ ಮಾಡಿ. ಹತ್ತುವ ಗೇರಿನಲ್ಲೇ ಇಳಿಯಿರಿ, ನ್ಯೂಟ್ರಲ್ ಬೇಡ. ಘಾಟಿ ರಸ್ತೆಯಲ್ಲಿ ಟ್ರೈಲರ್ ಕೆಲಸ ಮಾತ್ರ ಮಾಡುವವರಿಗೆ ನೀರಿನ ಅಗತ್ಯವೇ ಇಲ್ಲ.

ನೀರು ತೆಗೆಯುವಾಗ

ನೀರು ತುಂಬಿದ ಚಕ್ರವನ್ನು ಯಾವತ್ತೂ ಹಾಗೇ ಬಿಚ್ಚಬೇಡಿ. ಟೈರ್, ರಿಮ್, ನೀರು ಸೇರಿ ಮುನ್ನೂರು ಕೆಜಿಗೆ ಹತ್ತಿರ ಇರುತ್ತದೆ, ವಾಲಲು ಶುರುವಾದರೆ ಇಬ್ಬರು ಹಿಡಿದರೂ ನಿಲ್ಲುವುದಿಲ್ಲ. ಪಂಚರ್ ಅಂಗಡಿಯವರಿಗೆ ನೀರಿದೆ ಅಂತ ಮೊದಲೇ ಹೇಳಿ.

ಚಕ್ರ ಎತ್ತಿ, ವಾಲ್ವ್ 6ರ ಜಾಗಕ್ಕೆ ತನ್ನಿ. ಪಿನ್ ಸ್ವಲ್ಪ ಸ್ವಲ್ಪ ಸಡಿಲ ಮಾಡಿ ಒತ್ತಡ ಇಳಿಯಲು ಬಿಡಿ, ಆಮೇಲೆ ಪೂರ್ತಿ ತೆಗೆಯಿರಿ. ನೀರು ನಿಂತ ಮೇಲೆ ಕಂಪ್ರೆಸರ್‌ನಿಂದ ಸ್ವಲ್ಪ ಗಾಳಿ ಕೊಟ್ಟು ಬಿಟ್ಟರೆ ಇನ್ನಷ್ಟು ಹೊರಗೆ ಬರುತ್ತದೆ. ವಾಲ್ವಿಗಿಂತ ಕೆಳಗೆ ಟೈರ್ ತಳದಲ್ಲಿ ಉಳಿದ ನೀರು ಹೀಗೆ ಬರುವುದಿಲ್ಲ. ಕೇಜ್ ವೀಲ್ ಕೆಲಸಕ್ಕಾದರೆ ಅಷ್ಟು ಉಳಿದರೂ ನಡೆಯುತ್ತದೆ, ಟ್ಯೂಬ್ ತೆಗೆಯುವುದಾದರೆ ಆಗ ಬಗ್ಗಿಸಿ ಚೆಲ್ಲಬೇಕು. ನೀರು ತೆಗೆದ ಕೂಡಲೇ ಗಾಳಿ ಹೊಡೆದು ಸರಿಯಾದ ಒತ್ತಡಕ್ಕೆ ತನ್ನಿ, ಖಾಲಿ ಟೈರ್ ಮೇಲೆ ಟ್ರ್ಯಾಕ್ಟರ್ ಇಳಿಸಬೇಡಿ. ಚಕ್ರ ಬಿಚ್ಚಿ ಹಾಕಿದ್ದರೆ ಒಂದೆರಡು ಗಂಟೆ ಕೆಲಸ ಆದ ಮೇಲೆ ನಟ್ಟುಗಳನ್ನು ಎದುರುಬದುರಾಗಿ ಮತ್ತೊಮ್ಮೆ ಬಿಗಿ ಮಾಡಿ. ಬಂಪರ್ ವೇಟ್ ಹಾಕಿದ್ದರೆ ಈಗ ಅದನ್ನೂ ತೆಗೆಯಬಹುದಾ ಅಂತ ನೋಡಿ, ಹಿಂದಿನ ನೀರು ಹೋದ ಮೇಲೆ ಮುಂದೆ ಮಾತ್ರ ಭಾರ ಉಳಿದರೆ ಕೆಸರಿನಲ್ಲಿ ಮುಂದಿನ ಚಕ್ರ ಮೊದಲು ಇಳಿಯುತ್ತದೆ.